ಗೆಳತಿಯರಿಗೆ ಕೊಡುವ ಗಿಡಮೂಲಿಕೆ ಚಹಾ: ಡಬ್ಬಿಯಲ್ಲಿ ಏನಿದೆ ಅಂತ ಅವರಿಗೂ ಗೊತ್ತಿರಲಿ

ಪ್ರಶ್ನೆ: ಮೇಡಂ, ಬೇರೆ ಬೇರೆ ಬಗೆಯ ಚಹಾ ಹುಡುಕಿ ಕುಡಿಯುವ ಹುಚ್ಚು ನನಗೆ ಹತ್ತಿದೆ. ಮಾಮೂಲಿ ಟೀ ಅಲ್ಲ. ಹುರಿದ ಬಾರ್ಲಿ, ಬಕ್‌ವೀಟ್ (ಕುಟ್ಟು ಎಂಬ ಧಾನ್ಯದಂಥ ಬೀಜ), ರೂಯಿಬೋಸ್, ಒಣಗಿಸಿದ ರೋಸೆಲ್ ಹೂವು, ಕ್ಯಾಮೊಮೈಲ್, ಹೀಗೆ. ಮೂರ್ನಾಲ್ಕು ಬಗೆ ಬೆರೆಸಿ, ಸಿಹಿಗೆ ಸ್ವಲ್ಪ ಜ್ಯೇಷ್ಠಮಧು ಸೇರಿಸಿ, ಸಣ್ಣ ಡಬ್ಬಿಗಳಲ್ಲಿ ತುಂಬಿ ಗೆಳತಿಯರಿಗೆ ಕೊಡುತ್ತೇನೆ. ಎಲ್ಲರಿಗೂ ಖುಷಿ. ಆದರೆ ಹೋದ ತಿಂಗಳು ಒಬ್ಬಳು ಬಕ್‌ವೀಟ್ ಇದ್ದ ಚಹಾ ಕುಡಿದ ಸ್ವಲ್ಪ ಹೊತ್ತಿಗೇ ತುಟಿ, ಗಂಟಲು ತುರಿಸುತ್ತಿದೆ ಅಂದಳು. ಆಮೇಲೆ ತಾನಾಗಿಯೇ ಸರಿಹೋಯಿತು. ಇನ್ನೊಬ್ಬರು ಬಿಪಿ ಮಾತ್ರೆ ತಗೊಳ್ಳುತ್ತಾರೆ, ಒಬ್ಬಳು ಐದು ತಿಂಗಳ ಬಸುರಿ, ಮತ್ತೊಬ್ಬಳಿಗೆ ಗೋಧಿ ಆಗಿಬರುವುದಿಲ್ಲ. ‘ಗಿಡಮೂಲಿಕೆ ತಾನೇ, ಏನಾಗುತ್ತೆ’ ಅಂತ ಕೆಲವರು. ‘ಸುಮ್ನೆ ಯಾಕೆ ರಿಸ್ಕ್’ ಅಂತ ಇನ್ನು ಕೆಲವರು. ಜೊತೆಗೆ, ರಾತ್ರಿ ಮಾಡಿ ಹೊರಗಿಟ್ಟ ಬಾರ್ಲಿ ಚಹಾ ಬೆಳಗ್ಗೆ ಹೊತ್ತಿಗೆ ಲೋಳೆಯಾಗಿತ್ತು. ಕುದಿಸಿದ್ದು ಹೇಗೆ ಕೆಟ್ಟಿತು? ನಾನು ಹಂಚುವುದನ್ನೇ ನಿಲ್ಲಿಸಬೇಕಾ?

ಉತ್ತರ: ಹಂಚುವುದನ್ನು ನಿಲ್ಲಿಸಬೇಕಾಗಿಲ್ಲ. ಬೆರೆಸಿ ಕೊಡುವುದನ್ನು ಮಾತ್ರ ನಿಲ್ಲಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ತುಟಿ ತುರಿಸಿದ ಗೆಳತಿಯ ವಿಷಯ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಆತಂಕ ತಂದದ್ದು ಅದೊಂದೇ.

ಬಕ್‌ವೀಟ್ ಅಲರ್ಜಿ ಸಣ್ಣ ವಿಷಯ ಅಲ್ಲ. ಇದು ಎಲ್ಲರಿಗೂ ಬರುವುದಿಲ್ಲ. ಆದರೆ ಇದ್ದವರಿಗೆ ತುಂಬಾ ತೀವ್ರವಾಗಬಹುದು: ಮೈಯೆಲ್ಲ ದದ್ದು, ಮುಖ ಊದುವುದು, ಉಸಿರು ಕಟ್ಟುವುದು, ಬಿಪಿ ಏಕಾಏಕಿ ಕುಸಿಯುವುದು. ಬಕ್‌ವೀಟನ್ನು ಜಾಸ್ತಿ ತಿನ್ನುವ ಜಪಾನಿನಲ್ಲಿ, ಪ್ಯಾಕೆಟ್ ಮೇಲೆ ಕಡ್ಡಾಯವಾಗಿ ತಿಳಿಸಲೇಬೇಕಾದ ಅಲರ್ಜಿ ಪದಾರ್ಥಗಳ ಚಿಕ್ಕ ಪಟ್ಟಿಯಲ್ಲಿ ಇದೂ ಇದೆ. ಅಲರ್ಜಿ ತರುವುದು ಅದರಲ್ಲಿರುವ ಪ್ರೋಟೀನ್‌ಗಳು. ಅವುಗಳಲ್ಲಿ ಕೆಲವು ಶಾಖಕ್ಕೆ ಜಗ್ಗುವುದಿಲ್ಲ. ಹಾಗಾಗಿ ‘ಹುರಿದಿದ್ದೇನೆ, ಮೇಲೆ ಕುದಿಸಿದ್ದೇನೆ’ ಅನ್ನುವುದು ಇಲ್ಲಿ ರಕ್ಷಣೆ ಆಗುವುದಿಲ್ಲ.

ಮೊದಲ ಸಲ ಬರೀ ತುರಿಕೆ ಆಗಿ ಹೋಯಿತು ಅಂದರೆ ಮುಂದಿನ ಸಲವೂ ಅಷ್ಟೇ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ‘ಇನ್ನೊಮ್ಮೆ ಸ್ವಲ್ಪ ಕುಡಿದು ನೋಡೋಣ’ ಅನ್ನುವ ಪ್ರಯೋಗ ಖಂಡಿತ ಬೇಡ. ಅವರು ಅಲರ್ಜಿ ತಜ್ಞರನ್ನು ನೋಡಲಿ. ಅಲ್ಲಿಯವರೆಗೆ ಬಕ್‌ವೀಟ್ ಚಹಾ ಮಾತ್ರವಲ್ಲ, ಅದರ ಹಿಟ್ಟು, ನೂಡಲ್ಸ್, ಸಿಪ್ಪೆ ತುಂಬಿದ ದಿಂಬು ಎಲ್ಲದರಿಂದಲೂ ದೂರ ಇರಲಿ. ಆ ಮಿಶ್ರಣದಲ್ಲಿ ಇನ್ನೇನೇನು ಇತ್ತು ಅಂತ ನೀವು ಒಂದು ಚೀಟಿಯಲ್ಲಿ ಬರೆದುಕೊಡಿ. ಕ್ಯಾಮೊಮೈಲ್ ಇತ್ತೇ? ಅದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ ಹೂವು. ಆ ಕುಟುಂಬದ ಗಿಡಗಳ ಪರಾಗ ಆಗದವರಿಗೆ ಕ್ಯಾಮೊಮೈಲ್ ಕೂಡ ಹೀಗೇ ತುರಿಕೆ ತರಬಲ್ಲದು. ಅಂದರೆ ತಪ್ಪಿತಸ್ಥ ಬಕ್‌ವೀಟ್ ಅಂತಲೇ ಈಗಲೇ ತೀರ್ಮಾನಿಸುವ ಹಾಗಿಲ್ಲ.

ಬೆರೆಸಬೇಡಿ ಅಂದದ್ದು ಇದಕ್ಕೇ. ಒಂದೇ ಗಿಡದ ಚಹಾ ಕುಡಿದು ತೊಂದರೆಯಾದರೆ ಕಾರಣ ಒಂದೇ. ಐದು ಬೆರೆತಿದ್ದರೆ ವೈದ್ಯರು ಐದನ್ನೂ ಅನುಮಾನಿಸಬೇಕು. ಬೆರೆಸಿದ ಮೇಲೆ ಪ್ರಮಾಣವೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಗುರವಾದ ಹೂವು ಡಬ್ಬಿಯ ಮೇಲೆ ಉಳಿಯುತ್ತದೆ, ಭಾರದ ಧಾನ್ಯ ಮತ್ತು ಪುಡಿ ತಳ ಸೇರುತ್ತವೆ. ಮೊದಲ ಲೋಟದಲ್ಲಿ ಕುಡಿದದ್ದೇ ಬೇರೆ, ಕೊನೆಯ ಲೋಟದಲ್ಲಿ ಕುಡಿದದ್ದೇ ಬೇರೆ ಆಗುತ್ತದೆ. ಒಣಗಿಸಿದ ಎಲೆ, ಹೂವು, ಧಾನ್ಯಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಬಿಡಿಯಾಗಿ ಬಂದ ಸ್ಯಾಂಪಲ್‌ನಲ್ಲಿ ದೋಷ ಹುಡುಕುವುದು ಸುಲಭ, ಪುಡಿಯಾದ ಮಿಶ್ರಣದಲ್ಲಿ ತುಂಬಾ ಕಷ್ಟ. ಪ್ರಯೋಗಾಲಯದಲ್ಲೇ ಹೀಗಾದರೆ ಮನೆಯಲ್ಲಿ ಕಣ್ಣಳತೆಯಲ್ಲಿ ಏನು ಗೊತ್ತಾಗುತ್ತದೆ?

ಇನ್ನು ‘ಗಿಡಮೂಲಿಕೆ ತಾನೇ’ ಅನ್ನುವ ಮಾತು. ನಾವು ದಿನಾ ಕುಡಿಯುವ ಟೀ ಕೂಡ ಗಿಡವೇ ಅಲ್ವಾ? ಕಪ್ಪು ಟೀ, ಹಸಿರು ಟೀ, ಎಲ್ಲ ಬರುವುದು ಕಮೀಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದಿಂದ. ಅದನ್ನು ಜಗತ್ತು ಶತಮಾನಗಳಿಂದ ದಿನನಿತ್ಯ ಕುಡಿಯುತ್ತಿದೆ. ಅದರ ಗುಣ, ಮಿತಿ ಚೆನ್ನಾಗಿ ಗೊತ್ತಿದೆ. ಉಳಿದ ‘ಚಹಾ’ಗಳು ಒಂದೊಂದೂ ಬೇರೆ ಗಿಡ. ಒಂದರ ಬಗ್ಗೆ ಗೊತ್ತಿರುವುದು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಬಿಸಿ ನೀರು ಗಿಡದಿಂದ ಬಣ್ಣ, ಪರಿಮಳ ಮಾತ್ರ ಎಳೆಯುವುದಿಲ್ಲ. ನೀರಿನಲ್ಲಿ ಕರಗುವ ಎಲ್ಲವನ್ನೂ ಎಳೆಯುತ್ತದೆ. ಕೆಲವು ದೇಹದ ಮೇಲೆ ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ.

ಹಾಗಂತ ಎಲ್ಲವನ್ನೂ ಔಷಧಿ ಅಂದುಕೊಂಡು ಹೆದರುವುದೂ ಸರಿಯಲ್ಲ. ಹುರಿದ ಬಾರ್ಲಿ ಚಹಾ ಜಪಾನ್, ಕೊರಿಯಾಗಳಲ್ಲಿ ಮಕ್ಕಳಿಂದ ಮುದುಕರವರೆಗೆ ನೀರಿನ ಬದಲು ಕುಡಿಯುವ ಪಾನೀಯ. ಕೊರಿಯಾದಲ್ಲಿ ಹುರಿದ ಮೆಕ್ಕೆಜೋಳದ (ಮುಂದೆ ಬರೀ ಜೋಳ ಅಂದದ್ದೂ ಇದನ್ನೇ) ಚಹಾ ಕೂಡ ಹಾಗೆಯೇ. ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟಗಳ ಸುತ್ತ ಬೆಳೆಯುವ ರೂಯಿಬೋಸ್‌ನಲ್ಲಿ ಕೆಫೀನ್ ಇಲ್ಲ, ಒಗರೂ ಕಡಿಮೆ. ಆರೋಗ್ಯವಂತರು ಇವನ್ನು ದಿನಕ್ಕೆ ಎರಡು ಮೂರು ಲೋಟ ಕುಡಿದರೆ ಚಿಂತೆಯಿಲ್ಲ. ಆದರೆ ಕೆಫೀನ್ ಇಲ್ಲ ಅನ್ನುವುದು ಎಲ್ಲಕ್ಕೂ ನಿಜವಲ್ಲ. ದಕ್ಷಿಣ ಅಮೆರಿಕದ ಯೆರ್ಬಾ ಮಾಟೆಯಲ್ಲಿ ಕೆಫೀನ್ ಇದೆ. ಹುರಿದ ಅಕ್ಕಿ ಹಾಕಿದ ಜಪಾನಿನ ಗೆನ್‌ಮೈಚಾದಲ್ಲೂ ಇದೆ, ಏಕೆಂದರೆ ಅದರಲ್ಲಿ ಅಕ್ಕಿಯ ಜೊತೆ ಹಸಿರು ಟೀ ಎಲೆ ಇರುತ್ತದೆ. ರಾತ್ರಿ ನಿದ್ದೆ ಬರದವರಿಗೆ ‘ಇದು ಬರೀ ಧಾನ್ಯದ ಚಹಾ’ ಅಂತ ಕೊಡುವ ಮೊದಲು ಪ್ಯಾಕೆಟ್ ಓದಿ.

ಬಾರ್ಲಿ ಚಹಾ ಕುಡಿದರೆ ನಾರು ಸಿಗುತ್ತದೆ, ಕೊಲೆಸ್ಟ್ರಾಲ್ ಇಳಿಯುತ್ತದೆ ಅನ್ನುವ ಮಾತೂ ತುಂಬಾ ಓಡಾಡುತ್ತದೆ. ಬಾರ್ಲಿಯ ನಾರಿಗೆ ಆ ಗುಣ ಇರುವುದು ನಿಜ. ಆದರೆ ನಾರಿನ ಹೆಚ್ಚಿನ ಪಾಲು ನೀವು ಸೋಸಿ ಎಸೆಯುವ ಕಾಳಿನಲ್ಲೇ ಉಳಿಯುತ್ತದೆ. ಲೋಟಕ್ಕೆ ಬರುವುದು ಮುಖ್ಯವಾಗಿ ಪರಿಮಳ, ಬಣ್ಣ, ಸ್ವಲ್ಪ ಗಂಜಿ. ಆ ಪರಿಮಳಕ್ಕಾಗಿಯೇ ಕುಡಿಯಿರಿ, ಅದೇ ಸಾಕಷ್ಟು ದೊಡ್ಡ ಕಾರಣ. ಕಾಳನ್ನು ಹುರಿದಾಗ ಅದರ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ನೂರಾರು ಹೊಸ ಸುವಾಸನೆಗಳು ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದ ಈ ಕ್ರಿಯೆಯೇ ರೊಟ್ಟಿಯ ಕಂದು ಹೊಪ್ಪಳೆಗೂ, ಹುರಿದ ಕಾಫಿಯ ಘಮಕ್ಕೂ ಮೂಲ. ಬಾರ್ಲಿ ಚಹಾದಲ್ಲಿ ಕಾಫಿಯ ನೆನಪು ಬರುವುದು ಇದರಿಂದಲೇ.

ಮನೆಯಲ್ಲಿ ಹುರಿಯುವುದಾದರೆ ಸಣ್ಣ ಉರಿಯಲ್ಲಿ, ಕೈ ಬಿಡದೆ ಕೆದಕುತ್ತಾ, ಗಾಢ ಕಂದು ಬಣ್ಣಕ್ಕೆ ಬಂದಾಗ ನಿಲ್ಲಿಸಿ. ಕಪ್ಪಾಗಲು ಬಿಡಬೇಡಿ. ಪಿಷ್ಟ ಇರುವ ಪದಾರ್ಥ 120 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕವೂ ಹುಟ್ಟುತ್ತದೆ. ಆಹಾರದಲ್ಲಿ ಇದು ಇರುವುದು 2002ರಲ್ಲಿ ಸ್ವೀಡನ್ನಿನಲ್ಲಿ ಬೆಳಕಿಗೆ ಬಂತು. ಇದು ನೀರಿನಲ್ಲಿ ಕರಗುತ್ತದೆ, ಹಾಗಾಗಿ ಲೋಟಕ್ಕೂ ಬರುತ್ತದೆ. ಆಗಾಗ ಕುಡಿಯುವ ಲೋಟದಿಂದ ಗಾಬರಿ ಬೇಕಿಲ್ಲ. ಆದರೆ ಕರಿಕಲಾದ ಕಾಳಿನ ಚಹಾ ಹೇಗಿದ್ದರೂ ಕಹಿ, ಅದನ್ನು ಬಿಡುವುದರಿಂದ ಕಳಕೊಳ್ಳುವುದೇನೂ ಇಲ್ಲ.

ಈಗ ಬಿಪಿ ಮಾತ್ರೆ ತಗೊಳ್ಳುವವರ ವಿಷಯ. ನಿಮ್ಮ ಮಿಶ್ರಣದಲ್ಲಿ ಇವರಿಗೆ ಸಂಬಂಧಪಟ್ಟ ಎರಡು ಗಿಡಗಳಿವೆ, ಎರಡೂ ಎದುರು ದಿಕ್ಕಿಗೆ ಎಳೆಯುತ್ತವೆ. ರೋಸೆಲ್, ಅಂದರೆ ಪುಂಡಿ ಜಾತಿಯ ಗಿಡದ ಹೂವಿನ ಬುಡದ ಕೆಂಪು ಹುಳಿ ಎಸಳು, ದಿನಾ ಕುಡಿದರೆ ಬಿಪಿಯನ್ನು ಸ್ವಲ್ಪ ಇಳಿಸುತ್ತದೆ. ಇದು ಬರೀ ನಂಬಿಕೆ ಅಲ್ಲ, ಜನರ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಕಂಡದ್ದು. ಆದರೆ ಮಾತ್ರೆಯ ಜೊತೆ ಇದೂ ಸೇರಿದರೆ ಕೆಲವರಿಗೆ ಎದ್ದು ನಿಂತಾಗ ತಲೆ ತಿರುಗಬಹುದು. ಮಾತ್ರೆ ಬಿಟ್ಟು ಇದನ್ನೇ ಕುಡಿಯುತ್ತೇನೆ ಅನ್ನುವುದಂತೂ ಅಪಾಯ. ಅಪರೂಪಕ್ಕೆ ಒಂದು ಲೋಟ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ದಿನಾ ಕುಡಿಯುವುದಾದರೆ ವೈದ್ಯರಿಗೆ ಹೇಳಲಿ.

ನನಗೆ ಜಾಸ್ತಿ ಚಿಂತೆ ಜ್ಯೇಷ್ಠಮಧುವಿನದು. ಸಿಹಿಗೆ ಅಂತ ಸೇರಿಸುವುದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಪ್ಯಾಕೆಟ್ ಚಹಾಗಳಲ್ಲೂ ಪಟ್ಟಿಯ ಕೊನೆಯಲ್ಲಿ ಎಲ್ಲೋ ಇರುತ್ತದೆ. ಅದರ ಸಿಹಿಗೆ ಕಾರಣವಾದ ಗ್ಲಿಸಿರೈಸಿನ್, ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ದೇಹ ಉಪ್ಪು, ನೀರು ಹಿಡಿದಿಟ್ಟುಕೊಂಡು ಪೊಟ್ಯಾಶಿಯಂ ಅನ್ನು ಹೊರಹಾಕುತ್ತದೆ. ಬಿಪಿ ಏರುತ್ತದೆ, ಸ್ನಾಯುಗಳು ಸೋಲುತ್ತವೆ, ಕೆಲವೊಮ್ಮೆ ಹೃದಯದ ಬಡಿತವೇ ತಪ್ಪುತ್ತದೆ. ನೀರು ಇಳಿಸುವ ಮಾತ್ರೆಗಳಲ್ಲೂ ಕೆಲವು ಪೊಟ್ಯಾಶಿಯಂ ಇಳಿಸುತ್ತವೆ. ಅಂಥದ್ದು ತಗೊಳ್ಳುವವರಿಗೆ ಇದು ದುಪ್ಪಟ್ಟು ಹೊಡೆತ. ಒಂದು ಲೋಟದಿಂದ ಹೀಗಾಗುವುದಿಲ್ಲ. ವಾರಗಟ್ಟಲೆ ದಿನಾ ಕುಡಿದಾಗ ಆಗುತ್ತದೆ. ಇಷ್ಟಪಟ್ಟ ಉಡುಗೊರೆಯನ್ನು ಜನ ಕುಡಿಯುವುದೇ ಹಾಗೆ, ದಿನಾ, ಡಬ್ಬಿ ಮುಗಿಯುವವರೆಗೆ. ಹಂಚುವ ಚಹಾದಿಂದ ಜ್ಯೇಷ್ಠಮಧುವನ್ನು ಪೂರ್ತಿ ತೆಗೆದುಬಿಡಿ ಅನ್ನುವುದು ನನ್ನ ಸ್ಪಷ್ಟ ಸಲಹೆ. ಸಿಹಿ ಬೇಕಾದವರು ತಮ್ಮ ಲೋಟಕ್ಕೆ ತಾವೇ ಹಾಕಿಕೊಳ್ಳಲಿ.

ಬಸುರಿ ಗೆಳತಿಗೂ ಜ್ಯೇಷ್ಠಮಧು ಬೇಡ, ರೋಸೆಲ್ ಕೂಡ ಬೇಡ. ಗರ್ಭಿಣಿಯರಿಗೆ ಯಾವ ಗಿಡ ಎಷ್ಟು ಸುರಕ್ಷಿತ ಅನ್ನುವ ಬಗ್ಗೆ ನಂಬಬಹುದಾದ ಮಾಹಿತಿ ಬಹಳ ಕಡಿಮೆ. ಅವರ ಮೇಲೆ ಪ್ರಯೋಗ ಮಾಡಲು ಆಗುವುದಿಲ್ಲವಲ್ಲ. ಹಾಗಾಗಿ ಆಹಾರವಾಗಿ ಬಳಕೆಯಲ್ಲಿರುವ ಧಾನ್ಯಗಳ ತೆಳು ಚಹಾ, ಅಂದರೆ ಬಾರ್ಲಿ, ಅಕ್ಕಿ, ಜೋಳ, ಇಷ್ಟಕ್ಕೇ ನಿಲ್ಲುವುದು ಒಳ್ಳೆಯದು. ಉಳಿದದ್ದು ಅವರ ವೈದ್ಯರನ್ನು ಕೇಳಿದ ಮೇಲೆ.

ಅವರ ವಿಷಯದಲ್ಲಿ ಇನ್ನೊಂದು ಮಾತು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕಬ್ಬಿಣಾಂಶದ ಮಾತ್ರೆ ತಗೊಳ್ಳುವವರು ಟೀ ಕುಡಿಯಬಾರದು ಅಂತ ಗೊತ್ತಿರುವುದರಿಂದ ಅದರ ಬದಲು ಗಿಡಮೂಲಿಕೆ ಚಹಾ ಕುಡಿಯುತ್ತಾರೆ. ಆದರೆ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಊಟದ ಜೊತೆ ಕುಡಿದ ಪೆಪ್ಪರ್‌ಮಿಂಟ್ ಚಹಾ ಕಬ್ಬಿಣ ಹೀರಿಕೆಯನ್ನು ಶೇಕಡಾ 84ರಷ್ಟು, ಕ್ಯಾಮೊಮೈಲ್ ಶೇಕಡಾ 47ರಷ್ಟು ತಗ್ಗಿಸಿತ್ತು. ಪೆಪ್ಪರ್‌ಮಿಂಟ್ ಹೆಚ್ಚುಕಡಿಮೆ ಕಪ್ಪು ಟೀಯಷ್ಟೇ ತಡೆ ಒಡ್ಡಿತ್ತು. ಗಿಡದಲ್ಲಿರುವ ಪಾಲಿಫಿನಾಲ್ ಎಂಬ ಒಗರು ಅಂಶಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಬಿಡುತ್ತವೆ, ಅದಕ್ಕೆ ಟೀ ಗಿಡವೇ ಆಗಬೇಕೆಂದಿಲ್ಲ. ಊಟಕ್ಕೂ ಮಾತ್ರೆಗೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಅಂತರ ಇಟ್ಟರೆ ಸಾಕು. ರಕ್ತಹೀನತೆ ಇರುವ ಎಲ್ಲರಿಗೂ ಇದೇ ಮಾತು.

ಗೋಧಿ ಆಗದ ಗೆಳತಿಗೆ ಏಕೆ ಆಗುವುದಿಲ್ಲ ಅಂತ ಮೊದಲು ಕೇಳಿ. ಹೊಟ್ಟೆ ಉಬ್ಬುತ್ತದೆ ಅನ್ನುವುದು ಬೇರೆ, ಸೀಲಿಯಾಕ್ ಕಾಯಿಲೆ (ಗ್ಲುಟೆನ್ ಎಂಬ ಧಾನ್ಯದ ಪ್ರೋಟೀನ್‌ನಿಂದ ಕರುಳಿಗೆ ಹಾನಿಯಾಗುವುದು) ಬೇರೆ. ಸೀಲಿಯಾಕ್ ಇದ್ದರೆ ಬಾರ್ಲಿ ಚಹಾ ಕೂಡದು. ಗ್ಲುಟೆನ್ ಗೋಧಿಯಲ್ಲಿ ಮಾತ್ರವಲ್ಲ, ಬಾರ್ಲಿಯಲ್ಲೂ ರೈಯಲ್ಲೂ ಇದೆ. ಸೋಸಿದರೂ ಅಷ್ಟಿಷ್ಟು ಲೋಟಕ್ಕೆ ಬರುತ್ತದೆ. ಬಕ್‌ವೀಟ್‌ನ ಕತೆ ಇದಕ್ಕೆ ಉಲ್ಟಾ. ಅದು ಗೋಧಿಯ ಸಂಬಂಧಿಯೇ ಅಲ್ಲ, ಅದರಲ್ಲಿ ಗ್ಲುಟೆನ್ ಇಲ್ಲ. ಆದರೆ ಬಾರ್ಲಿ ಹುರಿದ ಬಾಣಲೆಯಲ್ಲೇ ಬಕ್‌ವೀಟ್ ಹುರಿದರೆ, ಒಂದೇ ಚಮಚ ಎರಡಕ್ಕೂ ಹಾಕಿದರೆ ಆ ಲಾಭ ಹೋಯಿತು. ಅಕ್ಕಿ ಮತ್ತು ಜೋಳ ಅವರಿಗೆ ಒಳ್ಳೆಯ ಆಯ್ಕೆ, ಪಾತ್ರೆ ಬೇರೆ ಇದ್ದರೆ.

ಕುದಿಸಿದ ಚಹಾ ಲೋಳೆಯಾದದ್ದು ಹೇಗೆ? ಬಾರ್ಲಿ ಚಹಾ ನೋಡಲು ನೀರಿನ ಹಾಗಿದ್ದರೂ ಅದರಲ್ಲಿ ಗಂಜಿ ಇದೆ, ಸ್ವಲ್ಪ ಪ್ರೋಟೀನ್ ಇದೆ. ಮಣ್ಣಿನಿಂದ ಧಾನ್ಯಕ್ಕೆ ಅಂಟಿಕೊಂಡು ಬರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಚಹಾ ನಿಧಾನವಾಗಿ ಆರುವಾಗ ಅವು ಎದ್ದು ಬೆಳೆಯುತ್ತವೆ. ರಾತ್ರಿಯೆಲ್ಲ ಹೊರಗಿಟ್ಟರೆ ಅವಕ್ಕೆ ಬೇಕಾದಷ್ಟು ಸಮಯ. ಲೋಳೆ, ಹುಳಿ ವಾಸನೆ, ಮೇಲೆ ಪೊರೆ ಕಂಡರೆ ಚೆಲ್ಲಿಬಿಡಿ. ಮತ್ತೆ ಕುದಿಸಿ ಕುಡಿಯಬೇಡಿ, ಏಕೆಂದರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಇನ್ನು ಮುಂದೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಕಾಳು ಸೋಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಒಂದೆರಡು ದಿನದಲ್ಲಿ ಮುಗಿಸಿ. ಗಾಜಿನ ಜಾಡಿಯಲ್ಲಿ ನೀರು, ಎಲೆ ಹಾಕಿ ಬಿಸಿಲಿನಲ್ಲಿಟ್ಟು ಚಹಾ ಮಾಡುವ ಪದ್ಧತಿ ಬೇಡ. ಬಿಸಿಲಿಗೆ ನೀರು ಬೆಚ್ಚಗಾಗುತ್ತದೆ ಅಷ್ಟೇ, ಸೂಕ್ಷ್ಮಜೀವಿಗಳು ಸಾಯುವಷ್ಟು ಕಾಯುವುದಿಲ್ಲ. ಒಣಗಿದ ಎಲೆ ಹೂವುಗಳಿಗೆ ಯಾವಾಗಲೂ ಕುದಿಯುವ ನೀರನ್ನೇ ಸುರಿಯಿರಿ, ಮುಚ್ಚಳ ಮುಚ್ಚಿ ಐದರಿಂದ ಹತ್ತು ನಿಮಿಷ ಬಿಡಿ. ಮುಚ್ಚಿದರೆ ಪರಿಮಳದ ಎಣ್ಣೆ ಹಬೆಯ ಜೊತೆ ಹಾರಿಹೋಗುವುದಿಲ್ಲ. ಕುಡಿಯುವಾಗ ಮಾತ್ರ ಸ್ವಲ್ಪ ಆರಲಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿದೆ. ಅದು ಯಾವ ಗಿಡದ್ದು ಅನ್ನುವುದಕ್ಕಿಂತ ಎಷ್ಟು ಬಿಸಿ ಅನ್ನುವುದೇ ಅಲ್ಲಿ ಮುಖ್ಯ.

ಹೊಸ ಗಿಡ ಹುಡುಕುವ ಉತ್ಸಾಹದಲ್ಲಿ ಒಂದು ಗೆರೆ ಹಾಕಿಕೊಳ್ಳಿ: ನೀವೇ ಕಿತ್ತು ತಂದ, ಹೆಸರು ಖಚಿತವಿಲ್ಲದ ಎಲೆ ಹೂವನ್ನು ಯಾರಿಗೂ ಕೊಡಬೇಡಿ. ಒಣಗಿದ ಮೇಲೆ ಎಷ್ಟೋ ಗಿಡಗಳು ಒಂದೇ ತರಹ ಕಾಣುತ್ತವೆ. ಕಾಂಫ್ರಿ ಎಂಬ ಗಿಡದ ಎಲೆ ಅಂದುಕೊಂಡು ಫಾಕ್ಸ್‌ಗ್ಲೋವ್ ಎಂಬ ವಿಷದ ಗಿಡದ ಎಲೆಯ ಚಹಾ ಕುಡಿದು ಹೃದಯಕ್ಕೆ ವಿಷವೇರಿದ ಪ್ರಕರಣಗಳಿವೆ. ಕಾಂಫ್ರಿಯೇ ಆಗಿದ್ದರೂ ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಂಶವಿದೆ. ಅಡುಗೆಗೆ ಬಳಸುವ ಚಕ್ರಮೊಗ್ಗಿಗೂ ವಿಷಕಾರಿಯಾದ ಜಪಾನಿ ಚಕ್ರಮೊಗ್ಗಿಗೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಚಕ್ರಮೊಗ್ಗಿನ ಚಹಾ ಕುಡಿದ ಕೂಸುಗಳಿಗೂ ದೊಡ್ಡವರಿಗೂ ಫಿಟ್ಸ್ ಬಂದ ವರದಿಗಳ ನಂತರ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2003ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಪುಟ್ಟ ಕೂಸುಗಳಿಗೆ ಯಾವ ಗಿಡದ ಚಹಾವೂ ಬೇಡ. ‘ತೂಕ ಇಳಿಸುವ’ ಚಹಾ ಅಂತ ಬರುವುದರಲ್ಲಿ ಬಹಳ ಸಲ ಸೋನಾಮುಖಿ ಇರುತ್ತದೆ. ಅದು ಭೇದಿ ಮಾಡಿಸುತ್ತದೆ, ಇಳಿಯುವುದು ನೀರು, ಕೊಬ್ಬಲ್ಲ.

ಹಾಗಾದರೆ ಹಂಚುವುದು ಹೇಗೆ? ನನಗೆ ಹೆಚ್ಚು ಇಷ್ಟವಾದ ದಾರಿ, ಗೆಳತಿಯರನ್ನು ಕರೆದು ಜೊತೆಯಲ್ಲೇ ಕುಡಿಯುವುದು. ಒಂದು ಸಲಕ್ಕೆ ಎರಡು ಮೂರು ಬಗೆ, ಬೇರೆ ಬೇರೆ ಪಾತ್ರೆಯಲ್ಲಿ, ಪ್ರತಿಯೊಂದರ ಮುಂದೆ ಒಣ ಕಾಳು ಅಥವಾ ಹೂವು ಒಂದು ಬಟ್ಟಲಲ್ಲಿ. ಮೂಸಿ, ನೋಡಿ, ಹೆಸರು ಕೇಳಿ ಕುಡಿಯುತ್ತಾರೆ. ಯಾರಿಗಾದರೂ ಏನಾದರೂ ಆದರೆ ಎದುರಿಗೇ ಇರುತ್ತಾರೆ. ಅಷ್ಟೇ ಅಲ್ಲ, ರುಚಿಯೂ ಆಗ ಚೆನ್ನಾಗಿ ತಿಳಿಯುತ್ತದೆ. ಬಕ್‌ವೀಟ್‌ನ ಬೀಜದಂಥ ಸಿಹಿ, ಬಾರ್ಲಿಯ ಸುಟ್ಟ ಘಮ, ಜೋಳದ ಮೆದು ಸಿಹಿ, ರೂಯಿಬೋಸ್‌ನ ಕಟ್ಟಿಗೆ ವಾಸನೆ, ಇವನ್ನು ಬಿಡಿಬಿಡಿಯಾಗಿ ಕುಡಿದರೆ ನಾಲಿಗೆ ಗುರುತಿಟ್ಟುಕೊಳ್ಳುತ್ತದೆ. ಬೆರೆಸಿದಾಗ ಎಲ್ಲದರಲ್ಲೂ ಜೋರಾಗಿರುವ ಒಂದೇ ಉಳಿಯುತ್ತದೆ, ಸಾಮಾನ್ಯವಾಗಿ ರೋಸೆಲ್‌ನ ಹುಳಿ. ಆದರೆ ಅಲರ್ಜಿ ಅನುಮಾನ ಇರುವ ಗೆಳತಿ ಬರುವ ದಿನ ಬಕ್‌ವೀಟ್ ಡಬ್ಬಿ ತೆರೆಯಲೇಬೇಡಿ. ಅದರ ಪುಡಿ ಗಾಳಿಯಲ್ಲಿ ಹಾರಿದರೂ ಕೆಲವರಿಗೆ ತೊಂದರೆಯಾಗುತ್ತದೆ.

ಡಬ್ಬಿಯಲ್ಲೇ ಕೊಡಬೇಕು ಅನ್ನಿಸಿದರೆ ಒಂದು ಡಬ್ಬಿಗೆ ಒಂದೇ ಗಿಡ. ಮೇಲೆ ಅದರ ಹೆಸರು, ಯಾವ ಭಾಗ, ಹುರಿದ ಅಥವಾ ತುಂಬಿದ ತಾರೀಕು ಬರೆಯಿರಿ. ಬಾರ್ಲಿಯಾದರೆ ‘ಗ್ಲುಟೆನ್ ಇದೆ’, ಬಕ್‌ವೀಟ್ ಆದರೆ ‘ಅಲರ್ಜಿ ಇದ್ದವರಿಗೆ ಬೇಡ’ ಅನ್ನುವ ಒಂದು ಸಾಲು. ಹುರಿದ ಧಾನ್ಯದ ಎಣ್ಣೆ ಬೇಗ ಕಮಟುತ್ತದೆ. ಆದ್ದರಿಂದ ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಹುರಿದು, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಒಳಗೆ ಬೆವರು ಕಟ್ಟಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಕಂಡ ಎಲೆ, ಕಾಳು ಏನೇ ಇರಲಿ, ಅಷ್ಟನ್ನು ತೆಗೆದು ಉಳಿದದ್ದು ಬಳಸುವುದು ಬೇಡ, ಡಬ್ಬಿಯಲ್ಲಿರುವುದನ್ನೆಲ್ಲ ಎಸೆಯಿರಿ. ಕೊಡುವ ಮೊದಲು ಕೇಳಬೇಕಾದ್ದು ಇಷ್ಟೇ: ದಿನಾ ಯಾವ ಮಾತ್ರೆ ತಗೊಳ್ಳುತ್ತೀರಿ, ಯಾವುದಾದರೂ ಆಗಿಬರುವುದಿಲ್ಲವಾ, ಬಸುರಿ ಅಥವಾ ಹಾಲೂಡಿಸುವ ತಾಯಿಯಾ? ರಕ್ತ ತೆಳು ಮಾಡುವ ಮಾತ್ರೆ, ಅಂಗ ಕಸಿಯ ನಂತರದ ಮಾತ್ರೆ, ಮಾನಸಿಕ ಆರೋಗ್ಯದ ಮಾತ್ರೆ ಅಂದರೆ ಹೂವು ಬೇರುಗಳ ಚಹಾ ಕೊಡಬೇಡಿ. ಹುರಿದ ಅಕ್ಕಿಯದೋ ಜೋಳದ್ದೋ ಕೊಡಿ.

ಈಗಾಗಲೇ ನಿಮ್ಮ ಮಿಶ್ರಣ ಯಾರ ಯಾರ ಮನೆಯಲ್ಲಿದೆಯೋ ಅವರಿಗೆಲ್ಲ ಇವತ್ತೇ ಫೋನ್ ಮಾಡಿ. ಬಕ್‌ವೀಟ್ ಮತ್ತು ಜ್ಯೇಷ್ಠಮಧು ಇದೆ ಅಂತ ಮೊದಲು ಹೇಳಿ, ಆಮೇಲೆ ಉಳಿದ ಹೆಸರುಗಳು. ಬಿಪಿ ಇರುವವರು, ಬಸುರಿ ಗೆಳತಿ, ಗೋಧಿ ಆಗದವರು, ತುರಿಕೆ ಬಂದವರು, ಈ ನಾಲ್ವರ ಡಬ್ಬಿ ವಾಪಸ್ ತಗೊಳ್ಳಿ. ಯಾವ ಡಬ್ಬಿಯಲ್ಲಿ ಏನು ಹಾಕಿದ್ದಿರಿ ಅಂತ ನಿಮಗೇ ನೆನಪಿಲ್ಲದಿದ್ದರೆ ಅದನ್ನು ಚೆಲ್ಲಿ, ಬದಲಿಗೆ ಹೊಸದಾಗಿ ಹುರಿದ ಅಕ್ಕಿಯ ಒಂದು ಡಬ್ಬಿ ಕಳಿಸಿ.